ಗೇಟೂ ಯಂತ್ರವೇ: ಲಿಫ್ಟಿಗಿರುವ ಕಾನೂನು ಅದಕ್ಕೇಕೆ ಇಲ್ಲ?

2024ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಮಲ್ಲೇಶ್ವರದಲ್ಲಿ, ಪಾಲಿಕೆಯ ಮೈದಾನಕ್ಕೆ ಆಡಲು ಹೋದ ಹುಡುಗನ ಮೇಲೆ ಅಲ್ಲಿನ ಕಬ್ಬಿಣದ ಗೇಟು ಕಳಚಿ ಬಿತ್ತು. ಹುಡುಗ ಉಳಿಯಲಿಲ್ಲ. ಅದಕ್ಕೆ ಎರಡು ತಿಂಗಳು ಮೊದಲು ಪುಣೆಯ ಪಕ್ಕದ ಪಿಂಪ್ರಿ-ಚಿಂಚವಾಡದಲ್ಲಿ ಮಕ್ಕಳು ಆಟದ ನಡುವೆ ಎಳೆದ ಸ್ಲೈಡಿಂಗ್ ಗೇಟು ಹಳಿ ತಪ್ಪಿ, ಎದುರಿಗಿದ್ದ ಪುಟ್ಟ ಹೆಣ್ಣುಮಗುವಿನ ಮೇಲೆ ಮಗುಚಿತು. ಸಿಸಿಟಿವಿಯ ಆ ದೃಶ್ಯ ದೇಶವೆಲ್ಲ ಹರಿದಾಡಿತು. ಎರಡೂ ಕೈಯಿಂದ ತಳ್ಳುವ ಗೇಟುಗಳು. ಅವನ್ನೇ ನೆಟ್ಟಗೆ ನಿಲ್ಲಿಸಲು ಬಾರದ ನಾವು ಈಗ ಬೀದಿ ಬೀದಿಯಲ್ಲಿ ಗೇಟುಗಳಿಗೆ ಮೋಟಾರ್ ಕೂರಿಸುತ್ತಿದ್ದೇವೆ.

ಮೋಟಾರ್ ಕೂತ ಗಳಿಗೆಯಿಂದ ಗೇಟು ಬರೀ ಗೇಟಾಗಿ ಉಳಿಯುವುದಿಲ್ಲ. ಅದು ಯಂತ್ರ. ಕಾರ್ಖಾನೆಯೊಳಗೆ ಇದೇ ತೂಕದ, ಇದೇ ಬಲದ ಯಂತ್ರವಿದ್ದರೆ ಸುತ್ತ ಬೇಲಿ ಹಾಕಬೇಕು, ಹತ್ತಿರ ಹೋಗುವವನಿಗೆ ತರಬೇತಿ ಕೊಡಬೇಕು. ಅದನ್ನೇ ನಾವು ಮಕ್ಕಳು ಶಾಲೆಯ ವ್ಯಾನ್ ಹತ್ತುವ ಜಾಗದಲ್ಲಿ ನಿಲ್ಲಿಸಿ, ರಿಮೋಟನ್ನು ಯಾರ ಕೈಗೆ ಬೇಕಾದರೂ ಕೊಟ್ಟಿದ್ದೇವೆ. ಇದನ್ನು ಕಾನೂನಿನ ಕೆಳಗೆ ತನ್ನಿ ಎಂದಾಗಲೆಲ್ಲ ಅಪಾರ್ಟ್‌ಮೆಂಟ್ ಸಂಘಗಳಿಂದಲೂ ಗೇಟು ಮಾರುವವರಿಂದಲೂ ಬರುವ ಉತ್ತರ ಒಂದೇ: "ಗೇಟಿಗೂ ಲೈಸೆನ್ಸಾ?" ಹೌದು, ಗೇಟಿಗೂ ಲೈಸೆನ್ಸೇ. ಯಾಕೆಂದು ಹೇಳುತ್ತೇನೆ.

ಮೊದಲು ಈ ಕೆಲಸ ನಮ್ಮಲ್ಲಿ ಹೇಗೆ ನಡೆಯುತ್ತದೆ ನೋಡಿ. ಗೇಟು ಮಾಡುವವನು ಒಬ್ಬ, ಮೋಟಾರ್ ಕೂರಿಸುವವನು ಇನ್ನೊಬ್ಬ. ಫ್ಯಾಬ್ರಿಕೇಟರ್ ಅಳತೆ ತೆಗೆದುಕೊಂಡು ಹೋಗಿ, ವೆಲ್ಡಿಂಗ್ ಮಾಡಿಸಿ, ಬಣ್ಣ ಬಳಿದು, ಹಳಿಯ ಮೇಲೆ ಕೂರಿಸಿ, ದುಡ್ಡು ಎಣಿಸಿಕೊಂಡು ಹೊರಡುತ್ತಾನೆ. ಗೇಟು ಹಳಿಯ ತುದಿ ದಾಟಿ ಹೋಗದಂತೆ ತಡೆಯುವ ಸ್ಟಾಪರ್ ಎಷ್ಟೋ ಕಡೆ ಒಂದು ತುಂಡು ಆಂಗಲ್, ಅದಕ್ಕೆರಡು ಟಾಕಿ ವೆಲ್ಡಿಂಗ್. ಮೇಲಿನ ಗೈಡ್ ರೋಲರ್ ಸಡಿಲವಿದ್ದರೂ ಆಗ ಯಾರಿಗೂ ಕಾಣುವುದಿಲ್ಲ. ತಿಂಗಳು ಬಿಟ್ಟು ಮೋಟಾರಿನವನು ಬಂದು, ಗೇಟನ್ನು ಎಳೆಯಲು ಹಲ್ಲಿನ ಪಟ್ಟಿ, ಅಂದರೆ ರ್‍ಯಾಕ್ ಜೋಡಿಸುತ್ತಾನೆ. ಗೇಟಿನ ಗಟ್ಟಿತನ ನೋಡುವುದು ಅವನ ಕೆಲಸವಲ್ಲ, ಮೋಟಾರಿನ ಬಲ ನೋಡುವುದು ಮೊದಲಿನವನ ಕೆಲಸವಲ್ಲ. ಎರಡೂ ಕೂಡಿ ಆದ ಯಂತ್ರಕ್ಕೆ ತಂದೆಯೇ ಇಲ್ಲ.

ಮೋಟಾರಿದ್ದರೆ ಅದರ ಗೇರೇ ಗೇಟನ್ನು ಹಿಡಿದುಕೊಂಡಿರುತ್ತದಲ್ಲ, ಬೀಳುವುದು ಹೇಗೆ ಎಂದು ಕೇಳುವವರಿದ್ದಾರೆ. ಕರೆಂಟ್ ಹೋದಾಗ ಬೀಳುತ್ತದೆ. ಆಗ ವಾಚ್‌ಮನ್ ಕೀಲಿ ತಿರುಗಿಸಿ ಗೇರ್ ಬಿಡಿಸುತ್ತಾನೆ, ಕೈಯಿಂದ ತಳ್ಳುತ್ತಾನೆ. ಆ ಹೊತ್ತಿನಲ್ಲಿ ನಾಲ್ಕು ನೂರು, ಐದು ನೂರು ಕಿಲೋ ಕಬ್ಬಿಣವನ್ನು ತಡೆಯುವುದು ಆ ಎರಡು ಟಾಕಿ ವೆಲ್ಡಿಂಗ್ ಒಂದೇ. ಸೆಟ್ಟಿಂಗ್ ಮಾಡುವಾಗ ಮೋಟಾರ್ ಪ್ರತಿ ಸಲವೂ ಅದೇ ಸ್ಟಾಪರಿಗೆ ಗುದ್ದಿ ನಿಲ್ಲುವಂತೆ ಬಿಟ್ಟಿದ್ದರೆ, ದಿನಕ್ಕೆ ಐವತ್ತು ಸಲ ಗುದ್ದಿಸಿಕೊಂಡ ಆ ಟಾಕಿ ಎಷ್ಟು ಕಾಲ ತಡೆದೀತು?

ಇನ್ನು ಕಂಟ್ರೋಲ್ ಬಾಕ್ಸಿನೊಳಗೆ ಇಣುಕೋಣ. ಬೋರ್ಡಿನ ಮೇಲೆ ಪುಟ್ಟ ಸ್ಕ್ರೂಡ್ರೈವರಿನಿಂದ ತಿರುಗಿಸುವ ಒಂದು ತಿರುಪು ಇರುತ್ತದೆ, ಹೊಸ ಮಾದರಿಗಳಲ್ಲಾದರೆ ಮೆನುವಿನಲ್ಲಿ ಒಂದು ಅಂಕೆ. ಅಡ್ಡ ಏನಾದರೂ ಸಿಕ್ಕರೆ ಗೇಟು ಎಷ್ಟು ಬಲ ಹಾಕಿ ಆಮೇಲೆ ಹಿಂದೆ ಸರಿಯಬೇಕು ಎಂಬುದನ್ನು ನಿರ್ಧರಿಸುವುದು ಅದೇ. ಹೊಸದರಲ್ಲಿ ಸರಿಯಾಗಿಯೇ ಇಟ್ಟಿರಬಹುದು. ಮಳೆ ಶುರುವಾಗಿ ಹಳಿಯಲ್ಲಿ ಮಣ್ಣು ತುಂಬಿತು, ಚಕ್ರದ ಬೇರಿಂಗ್ ತುಕ್ಕು ಹಿಡಿಯಿತು, ಗೇಟು ಅರ್ಧಕ್ಕೇ ನಿಂತು ವಾಪಸ್ ಹೋಗತೊಡಗಿತು. ಮೂರನೇ ಮಹಡಿಯವರ ಕಾರು ಹೊರಗೇ ಉಳಿಯಿತು. ಕಂಪ್ಲೇಂಟ್ ಹೋಯಿತು. ಬಂದ ಹುಡುಗ ಹಳಿ ತೊಳೆಯಲಿಲ್ಲ, ಬೇರಿಂಗ್ ಬದಲಿಸಲಿಲ್ಲ. ತಿರುಪನ್ನು ಕೊನೆಯವರೆಗೆ ತಿರುಗಿಸಿ "ಸರಿ ಹೋಯ್ತು ಸಾರ್" ಎಂದು ಹೊರಟ. ಸರಿ ಹೋದದ್ದು ಕಾರಿನವರಿಗೆ. ಅಂದಿನಿಂದ ಆ ಗೇಟಿಗೆ ಮಣ್ಣೂ ಒಂದೇ, ಮಗುವಿನ ಎದೆಯೂ ಒಂದೇ.

ಫೋಟೋಸೆಲ್ ಕಥೆಯೂ ಹೀಗೆಯೇ. ಎರಡು ಕಂಬದ ನಡುವೆ ಕಣ್ಣಿಗೆ ಕಾಣದ ಒಂದು ಗೆರೆ, ಅಡ್ಡ ಯಾರಾದರೂ ಬಂದರೆ ಮುಚ್ಚುತ್ತಿರುವ ಗೇಟು ನಿಲ್ಲಬೇಕು. ಜೇಡರ ಬಲೆ ಕಟ್ಟಿದರೆ, ಇರುವೆ ಗೂಡು ಮಾಡಿದರೆ, ಸಂಜೆ ಬಿಸಿಲು ನೇರ ಬಡಿದರೆ ಅದು ಸುಮ್ಮಸುಮ್ಮನೆ ಗೇಟು ನಿಲ್ಲಿಸುತ್ತದೆ. ಒರೆಸುವ ಬದಲು ಬೋರ್ಡಿನಲ್ಲಿ ಒಂದು ಗೇಣು ವೈರಿನ ತುಂಡು ಚುಚ್ಚಿ ಜಂಪರ್ ಮಾಡಿಬಿಡುತ್ತಾರೆ. ಹೊರಗೆ ಸೆನ್ಸರ್ ಇರುತ್ತದೆ, ಅದಕ್ಕೆ ಕಣ್ಣು ಮಾತ್ರ ಇರುವುದಿಲ್ಲ. ಅದು ನೆಟ್ಟಗೆ ಕೆಲಸ ಮಾಡಿದರೂ ಕಾಯುವುದು ಆ ಒಂದು ಗೆರೆಯನ್ನಷ್ಟೇ. ಕಾರಿನ ಬಂಪರ್ ಎತ್ತರಕ್ಕೆ ಕೂರಿಸಿದ ಗೆರೆಯ ಕೆಳಗೆ ಅಂಬೆಗಾಲಿನ ಮಗು ನುಸುಳುತ್ತದೆ. ಸ್ಲೈಡಿಂಗ್ ಗೇಟು ತೆರೆದು ಹಿಂದಕ್ಕೆ ಸರಿಯುವಾಗ ಅದರ ಸರಳುಗಳೊಳಗೆ ಕೈ ತೂರಿಸಿದವನನ್ನೂ, ಗೇಟಿಗೂ ಕಂಬಕ್ಕೂ ನಡುವೆ ನಿಂತವನನ್ನೂ ಅದು ನೋಡುವುದೇ ಇಲ್ಲ. ತೂಗುಗೇಟಿನ ಕೀಲಿನ ಸಂದಿಯಲ್ಲಿ ಬೆರಳು ಸಿಕ್ಕರೂ ಅಷ್ಟೇ. ಅಂಥ ಕಡೆ ಬೇಕಾದದ್ದು ಮುಟ್ಟಿದೊಡನೆ ಗೇಟು ಹಿಂದೆಗೆಯುವ ರಬ್ಬರ್ ಅಂಚು, ಸರಳುಗಳ ಮೇಲೆ ಜಾಲರಿ, ಕೈ ತೂರದಷ್ಟು ಕಿರಿದಾದ ಸಂದಿ. ಕೊಟೇಶನ್ನಿನಲ್ಲಿ ಇವನ್ನು 'ಆಪ್ಷನಲ್' ಎಂದು ಬರೆದಿರುತ್ತಾರೆ, ಸಂಘದವರು ಆ ಸಾಲನ್ನು ಹೊಡೆದು ಹಾಕುತ್ತಾರೆ.

ಇದೆಲ್ಲ ಬರೀ ಊಹೆಯಲ್ಲ ಎನ್ನಲು ಬ್ರಿಟನ್ನಿನ ಅನುಭವವನ್ನು ನೆನಪಿಸಬೇಕು. 2010ರಲ್ಲಿ, ಜೂನ್ ಕೊನೆ ಮತ್ತು ಜುಲೈ ಮೊದಲಲ್ಲಿ, ಒಂದೇ ವಾರದೊಳಗೆ ಅಲ್ಲಿ ಇಬ್ಬರು ಹೆಣ್ಣುಮಕ್ಕಳು ವಿದ್ಯುತ್ ಗೇಟಿಗೆ ಸಿಕ್ಕು ಸತ್ತರು. ಒಬ್ಬಳು ವೇಲ್ಸಿನ ಬ್ರಿಜೆಂಡಿನಲ್ಲಿ, ಇನ್ನೊಬ್ಬಳು ಮ್ಯಾಂಚೆಸ್ಟರಿನಲ್ಲಿ. ಐದು ವರ್ಷ, ಆರು ವರ್ಷ. ಅಲ್ಲಿ ಅದಾಗಲೇ ಯುರೋಪಿನ ಮಾನದಂಡ ಇತ್ತು. ಅದರ ಪ್ರಕಾರ ಮುಚ್ಚುವ ಅಂಚಿನಲ್ಲಿ, ಅರ್ಧ ಮೀಟರಿಗಿಂತ ಕಡಿಮೆ ಸಂದಿಯಲ್ಲಿ, ಗೇಟು ಬಡಿಯುವ ಬಲ 400 ನ್ಯೂಟನ್ ಮೀರಬಾರದು, ಅಂದರೆ ಸುಮಾರು ನಲವತ್ತು ಕಿಲೋ ಭಾರ ಒತ್ತಿದಷ್ಟು. ಅದೂ ಮುಕ್ಕಾಲು ಸೆಕೆಂಡಿನೊಳಗೆ 150ಕ್ಕೆ ಇಳಿಯಬೇಕು. ಇದನ್ನು ಅಳೆಯಲು ಪ್ರತ್ಯೇಕ ಮಾಪಕವೇ ಇದೆ. ಗೇಟಿನ ದಾರಿಯಲ್ಲಿ ಇಟ್ಟು, ಬಡಿಸಿ, ಅಂಕೆ ಓದಬೇಕು. ಬ್ರಿಜೆಂಡಿನ ಗೇಟು ಆ ಮಿತಿಯೊಳಗೆ ಇರಲಿಲ್ಲ. ಅದಕ್ಕೆ ಸಂಬಂಧಪಟ್ಟ ಎರಡು ಕಂಪನಿಗಳಿಗೆ 2014ರಲ್ಲಿ ನ್ಯಾಯಾಲಯ ದಂಡ ಹಾಕಿತು. ಅಲ್ಲಿ ನಿಯಮವಿತ್ತು, ಅದಕ್ಕೇ ಮುರಿದವರು ಯಾರೆಂದು ತೋರಿಸಲು ಸಾಧ್ಯವಾಯಿತು.

ನಮ್ಮಲ್ಲಿ ಅಂಥದ್ದು ನಡೆದರೆ ಏನಾಗುತ್ತದೆ? ಪೊಲೀಸರು ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಮಿನಡಿ ನಿರ್ಲಕ್ಷ್ಯದ ಸಾವು ಎಂದು ಎಫ್‌ಐಆರ್ ಹಾಕಬಹುದು. ಯಾರ ನಿರ್ಲಕ್ಷ್ಯ? ಮೋಟಾರ್ ಕೂರಿಸಿದವನು ಯಾವ ಕಾಗದಕ್ಕೂ ಸಹಿ ಹಾಕಿಲ್ಲ. ಬಲ ಇಷ್ಟೇ ಇರಬೇಕೆಂದು ಅವನಿಗೆ ಯಾರೂ ಹೇಳಿಲ್ಲ. ರಿಮೋಟ್ ಹಿಡಿದು ಹತ್ತಿರ ನಿಂತಿದ್ದವನು ಮಾತ್ರ ಎಲ್ಲರ ಕಣ್ಣಿಗೆ ಬೀಳುತ್ತಾನೆ: ರಾಯಚೂರಿನಿಂದಲೋ ಅಸ್ಸಾಮಿನಿಂದಲೋ ಬಂದು ಹನ್ನೆರಡು ಗಂಟೆ ಪಾಳಿ ಮಾಡುವ ವಾಚ್‌ಮನ್.

ನನ್ನ ಸಿಟ್ಟು ಇರುವುದು ಇಲ್ಲಿಯೇ. ಗೇಟಿಗೆ ದುಡ್ಡು ಕೊಡುವವನು ಕಾರಿನೊಳಗೆ ಕೂತಿರುತ್ತಾನೆ. ಗೇಟಿನ ಸಂದಿಯಲ್ಲಿ ಹಾದುಹೋಗುವವರು ಬೇರೆ: ಬೆಳಗ್ಗೆ ಆರಕ್ಕೆ ಹಾಲು ಹಾಕುವ ಹುಡುಗ, ಮನೆಗೆಲಸಕ್ಕೆ ಬರುವ ಹೆಂಗಸು, ಅವಳ ಸೆರಗು ಹಿಡಿದು ಬರುವ ಮಗು, ಡೆಲಿವರಿಯ ಅವಸರದಲ್ಲಿ ಮುಚ್ಚುತ್ತಿರುವ ಗೇಟಿನೊಳಗೆ ನುಗ್ಗುವವನು. ಇವರಿಗಾಗಿ ಪಕ್ಕದಲ್ಲೊಂದು ಚಿಕ್ಕ ಬಾಗಿಲು ಇಡುವ ಪದ್ಧತಿ ಹಿಂದೆ ಇತ್ತು. ಈಗ ಜಾಗ ಉಳಿಸಲು ಅದನ್ನೂ ತೆಗೆದು, ನಡೆಯುವವರೂ ಕಾರೂ ಒಂದೇ ದಾರಿಯಲ್ಲಿ ಬರುವಂತೆ ಮಾಡಿದ್ದೇವೆ. ಅಪಾಯ ಹೊರುವವರು ಕೊಟೇಶನ್ ನೋಡುವವರಲ್ಲ. ಹಾಗಾಗಿ ಇದನ್ನು ಮಾರುಕಟ್ಟೆಯೇ ಸರಿ ಮಾಡುತ್ತದೆ ಎಂಬ ವಾದವನ್ನು ನಾನು ಒಪ್ಪುವುದಿಲ್ಲ.

ಕಾನೂನು ಹೊಸದಾಗಿ ಹುಟ್ಟಬೇಕಿಲ್ಲ. 2012ರ ಕರ್ನಾಟಕ ಲಿಫ್ಟ್, ಎಸ್ಕಲೇಟರ್ ಮತ್ತು ಪ್ಯಾಸೆಂಜರ್ ಕನ್ವೇಯರ್ ಕಾಯ್ದೆ ಇದೆ. ಲಿಫ್ಟ್ ಕೂರಿಸಲು ಅನುಮತಿ ಬೇಕು, ಓಡಿಸಲು ಲೈಸೆನ್ಸ್ ಬೇಕು, ಕಾಲಕಾಲಕ್ಕೆ ತಪಾಸಣೆ ಆಗಬೇಕು. ವಿದ್ಯುತ್ ಪರಿವೀಕ್ಷಣಾಲಯ ಇದನ್ನು ನೋಡಿಕೊಳ್ಳುತ್ತದೆ. ಒಂದೇ ಕಟ್ಟಡದೊಳಗೆ ಮೋಟಾರಿನಿಂದ ಮೇಲೆ ಕೆಳಗೆ ಹೋಗುವ ಪೆಟ್ಟಿಗೆಗೆ ಇಷ್ಟೆಲ್ಲ ಕಟ್ಟುಪಾಡು, ಮೋಟಾರಿನಿಂದ ಅಡ್ಡ ಸರಿಯುವ ಅರ್ಧ ಟನ್ ಕಬ್ಬಿಣಕ್ಕೆ ಏನೂ ಇಲ್ಲ. ಈ ಕಾಯ್ದೆಯ ವ್ಯಾಪ್ತಿಗೆ ಅಪಾರ್ಟ್‌ಮೆಂಟ್, ಶಾಲೆ, ಆಸ್ಪತ್ರೆ, ಕಲ್ಯಾಣಮಂಟಪ, ಕಚೇರಿಗಳ ಮೋಟಾರ್ ಗೇಟುಗಳನ್ನು ಸೇರಿಸಲು ತಿದ್ದುಪಡಿ ಸಾಕು. ಒಂಟಿ ಮನೆಗಳಿಗೆ ಪರಿವೀಕ್ಷಕರು ಹೋಗಬೇಕಿಲ್ಲ. ಅಲ್ಲಿ ಕೂರಿಸಿದವನು ನೋಂದಾಯಿತನಾಗಿದ್ದು, ಬಲ ಅಳೆದು, ಅಂಕೆ ಬರೆದು, ಸಹಿ ಹಾಕಿದ ಹಾಳೆಯೊಂದನ್ನು ಮನೆಯವರಿಗೆ ಕೊಟ್ಟರಾಯಿತು.

ಇದಕ್ಕೆ ಎದುರಾಗಿ ಕೇಳಿಬರುವ ಮಾತುಗಳಲ್ಲಿ ತೂಕವಿರುವುದು ಲಂಚದ್ದು. ಪರಿವೀಕ್ಷಣೆ ಎಂದರೆ ಇನ್ನೊಂದು ಕವರ್, ಸರ್ಟಿಫಿಕೇಟ್ ಮನೆಗೇ ಬರುತ್ತದೆ, ಗೇಟನ್ನು ಯಾರೂ ನೋಡುವುದಿಲ್ಲ ಎನ್ನುತ್ತಾರೆ. ಈ ಭಯ ಸುಳ್ಳಲ್ಲ. ನಮ್ಮ ಕಚೇರಿಗಳನ್ನು ಬಲ್ಲವರ್‍ಯಾರೂ ಇದನ್ನು ತಳ್ಳಿಹಾಕಲಾರರು. ಆದರೆ ಇದಕ್ಕೆ ಮದ್ದು ನಿಯಮ ಬೇಡವೆನ್ನುವುದಲ್ಲ. ಅಳತೆಯನ್ನು ಬಯಲಿಗೆ ತರುವುದು. ಬಲ ಎಷ್ಟು, ಅಳೆದ ದಿನ ಯಾವುದು, ಅಳೆದವರು ಯಾರು ಎಂಬುದನ್ನು ಗೇಟಿನ ಕಂಬದ ಮೇಲೆಯೇ ಕನ್ನಡದಲ್ಲಿ ತಗಡಿನ ಫಲಕವಾಗಿ ಹಾಕಲಿ. ಸಹಿ ಹಾಕಿದವನ ಹೆಸರು ಬೀದಿಗೆ ಕಾಣುತ್ತಿದ್ದರೆ ಕವರಿನ ಬೆಲೆ ತಾನಾಗಿ ಇಳಿಯುತ್ತದೆ. ಪಾಲಿಕೆಗಳೂ ಇದರಿಂದ ತಪ್ಪಿಸಿಕೊಳ್ಳಬಾರದು. ಮಲ್ಲೇಶ್ವರದ ಗೇಟು ಸರ್ಕಾರಿ ಗೇಟೇ ಆಗಿತ್ತು. ಬಿಬಿಎಂಪಿ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಬಂತು, ಐದು ಪಾಲಿಕೆಗಳಾದವು. ಮೈದಾನ, ಪಾರ್ಕುಗಳ ಗೇಟುಗಳ ಪಟ್ಟಿ ಮಾಡಿ ಒಂದೊಂದನ್ನೂ ಅಲುಗಾಡಿಸಿ ನೋಡುವ ಕೆಲಸವನ್ನು ಅವು ಮೊದಲು ಮಾಡಲಿ.

ವಾಚ್‌ಮನ್ ಇದ್ದಾನಲ್ಲ ಎಂಬುದು ಇನ್ನೊಂದು ವಾದ. ಅವನು ಅದೇ ಹೊತ್ತಿಗೆ ಪಾರ್ಸೆಲ್ ತೆಗೆದುಕೊಳ್ಳಬೇಕು, ರಿಜಿಸ್ಟರ್ ಬರೆಸಬೇಕು, ನೀರಿನ ಮೋಟಾರ್ ಹಾಕಬೇಕು. ಅವನ ಕಣ್ಣನ್ನು ಸುರಕ್ಷಾ ಸಾಧನವೆಂದು ಲೆಕ್ಕ ಹಾಕುವುದು ಅನ್ಯಾಯ.

ಖರ್ಚಿನ ಮಾತಿಗೆ ಬಂದರೆ, ಕಾನೂನು ಬರುವವರೆಗೂ ಕಾಯದೆ ಈ ವಾರವೇ ಮಾಡಬಹುದಾದದ್ದು ಎಷ್ಟೋ ಇದೆ, ಅದಕ್ಕೆ ದುಡ್ಡೂ ಹೆಚ್ಚು ಬೇಡ. ಸ್ಟಾಪರಿಗೆ ಪೂರ್ತಿ ವೆಲ್ಡಿಂಗ್ ಹಾಕಿಸಿ, ಎರಡೂ ತುದಿಗೆ. ಗೇಟನ್ನು ಅಲುಗಾಡಿಸಿ ನೋಡಿ, ಗೈಡ್ ರೋಲರ್ ಬಿಟ್ಟರೂ ಅದು ಮಗುಚದಂತೆ ಹಿಡಿಯುವ ಕೊಕ್ಕೆ ಇದೆಯೇ ಪರೀಕ್ಷಿಸಿ. ಮೋಟಾರಿನ ಲೈನಿಗೆ, ಕರೆಂಟ್ ಸೋರಿದರೆ ಕಡಿದುಹಾಕುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಇದೆಯೇ, ಗೇಟಿಗೆ ಅರ್ಥಿಂಗ್ ಇದೆಯೇ ನೋಡಿ, ಯಾಕೆಂದರೆ ಮಳೆಯಲ್ಲಿ ನೆನೆದ ಕಬ್ಬಿಣವನ್ನು ಒದ್ದೆ ಕೈಯಲ್ಲಿ ಮುಟ್ಟುವವರು ಮಕ್ಕಳು. ಗೇರ್ ಬಿಡಿಸುವ ಕೀಲಿ ಕಾರ್ಯದರ್ಶಿಯ ಮನೆಯ ಬೀರುವಿನಲ್ಲಿ ಬೇಡ, ಗೇಟಿನ ಬಳಿಯೇ ಇರಲಿ. ಯಾರಾದರೂ ಸಿಕ್ಕಿಕೊಂಡಾಗ ಬೇಕಾದದ್ದು ಅದೊಂದೇ. ಕಂಟ್ರೋಲ್ ಬಾಕ್ಸ್ ತೆರೆಸಿ, ಫೋಟೋಸೆಲ್ಲಿನ ಜಾಗದಲ್ಲಿ ವೈರಿನ ತುಂಡು ಇದ್ದರೆ ನಿಮ್ಮ ಕಣ್ಣೆದುರೇ ಕೀಳಿಸಿ. ಬಲ ಅಳೆಯುವ ಮಾಪಕವೂ ರಬ್ಬರ್ ಅಂಚೂ ಬರುವವರೆಗೆ ಆಟೋ-ಕ್ಲೋಸ್ ಅನ್ನು ಬಂದ್ ಮಾಡಿಸಿ. ಒತ್ತಿ ಹಿಡಿದಿರುವಷ್ಟು ಹೊತ್ತು ಮಾತ್ರ ಗೇಟು ಸರಿಯುವ ಸೆಟ್ಟಿಂಗ್ ಅನೇಕ ಬೋರ್ಡುಗಳಲ್ಲಿ ಈಗಾಗಲೇ ಇದೆ. ಅದನ್ನು ಹಾಕಿಸಿ, ರಿಮೋಟುಗಳನ್ನು ಕಾರಿನವರಿಂದ ವಾಪಸ್ ಪಡೆದು, ಗೇಟು ಪೂರ್ತಿ ಕಾಣುವ ಜಾಗದಲ್ಲಿ ಒಂದೇ ಒಂದು ಬಟನ್ ಇಡಿ. ಬೆರಳು ತೆಗೆದರೆ ಗೇಟು ನಿಲ್ಲುತ್ತದೆ. ಕಾರಿನವರು ಇಪ್ಪತ್ತು ಸೆಕೆಂಡು ಕಾಯಬೇಕಾಗುತ್ತದೆ, ಕಾಯಲಿ.