ಒಂದೇ ನಾಣ್ಯ, ಎರಡು ಇಸವಿ

ಒಂದು ಸೆಂಟಿನ 50 ನಾಣ್ಯಗಳನ್ನು ಕಾಗದದಲ್ಲಿ ಬಿಗಿಯಾಗಿ ಸುತ್ತಿದರೆ ಅಮೆರಿಕದ ಬ್ಯಾಂಕುಗಳ ಲೆಕ್ಕದಲ್ಲಿ ಅದೊಂದು ‘ರೋಲ್’. ಬೆಲೆ ಅರ್ಧ ಡಾಲರ್. ಅಲ್ಲಿನ ನಾಣ್ಯಪ್ರಿಯರು ಇಂಥ ರೋಲ್‌ಗಳನ್ನು ಮನೆಗೆ ತಂದು, ಮೇಜಿನ ಮೇಲೆ ಸುರಿದು, ಭೂತಗನ್ನಡಿ ಹಿಡಿದು ಒಂದೊಂದನ್ನೇ ನೋಡುತ್ತಾರೆ. ಏನೂ ಸಿಗದಿದ್ದರೆ ಮತ್ತೆ ಸುತ್ತಿ ಬ್ಯಾಂಕಿಗೇ ವಾಪಸು. ನಷ್ಟವಾಗುವುದು ಸಮಯ ಮಾತ್ರ.

ಅವರು ಹುಡುಕುವುದರಲ್ಲಿ ‘ಡಬಲ್ಡ್ ಡೈ’ಗೆ ವಿಶೇಷ ಮರ್ಯಾದೆ. ನಾಣ್ಯದ ಮೇಲೆ ಚಿತ್ರ ಮೂಡಿಸುವ ಉಕ್ಕಿನ ಅಚ್ಚೇ ಡೈ. ‘ಹಬ್’ ಎಂಬ ಮೂಲ ಅಚ್ಚನ್ನು ಬಲವಾಗಿ ಒತ್ತಿ ಈ ಡೈ ತಯಾರಿಸುತ್ತಾರೆ. ಹಿಂದೆ ಒಂದೇ ಒತ್ತಿಗೆ ಚಿತ್ರ ಪೂರ್ತಿ ಇಳಿಯುತ್ತಿರಲಿಲ್ಲ. ಒತ್ತಿದಾಗ ಉಕ್ಕು ಗಡುಸಾಗುತ್ತಿತ್ತು. ಅದನ್ನು ಕಾಯಿಸಿ ಮೆದು ಮಾಡಿ ಮತ್ತೆ ಒತ್ತುತ್ತಿದ್ದರು. ಎರಡನೆಯ ಸಲ ಕೊಂಚ ತಿರುಗಿ ಕೂತರೆ ಮುಗಿಯಿತು, ಅಚ್ಚಿನಲ್ಲೇ ಎರಡೆರಡು ಅಕ್ಷರ! ಆ ಅಚ್ಚಿನಿಂದ ಹೊರಬಂದ ಪ್ರತಿ ನಾಣ್ಯದಲ್ಲೂ ಅದೇ ತಪ್ಪು, ಅದೇ ಜಾಗದಲ್ಲಿ.

1955ರಲ್ಲಿ ಫಿಲಡೆಲ್ಫಿಯಾ ಟಂಕಸಾಲೆಯಲ್ಲಿ ಹೀಗೇ ಆಯಿತು. ತಪ್ಪು ಗಮನಕ್ಕೆ ಬರುವಷ್ಟರಲ್ಲಿ 20 ಸಾವಿರಕ್ಕೂ ಹೆಚ್ಚು ನಾಣ್ಯಗಳು ಒಳ್ಳೆಯ ನಾಣ್ಯಗಳ ರಾಶಿಯಲ್ಲಿ ಬೆರೆತುಹೋಗಿದ್ದವು. ರಾಶಿಯನ್ನೆಲ್ಲ ಕರಗಿಸುವವರು ಯಾರು? ಹಾಗೇ ಹೊರಗೆ ಬಿಟ್ಟರು. ಆಗ 25 ಸೆಂಟ್ ನುಂಗುವ ಸಿಗರೇಟು ಯಂತ್ರಗಳಲ್ಲಿ 23 ಸೆಂಟಿನ ಪ್ಯಾಕಿನ ಜೊತೆಗೇ ಎರಡು ಸೆಂಟ್ ಚಿಲ್ಲರೆಯನ್ನು ಸಿಕ್ಕಿಸಿ ಇಡುತ್ತಿದ್ದರು. ಇಸವಿ ಜೋಡಿಯಾಗಿ ಬಿದ್ದ ನಾಣ್ಯಗಳು ಹಲವರಿಗೆ ಸಿಕ್ಕಿದ್ದು ಅಲ್ಲೇ. ಸಿಗರೇಟಿನಿಂದ ಯಾರಿಗಾದರೂ ಲಾಭವಾಗಿದ್ದರೆ ಅದೊಂದೇ ಸಲ ಇರಬೇಕು!

1955ರ ನಾಣ್ಯದ ತಪ್ಪು ಬರಿಗಣ್ಣಿಗೇ ಕಾಣುತ್ತದೆ. ಉಳಿದವುಗಳಲ್ಲೇ ಮೋಸಹೋಗುವುದು. “ಸಿಕ್ಕಿತು!” ಎಂದು ಮಕ್ಕಳು ಕುಣಿಯುವ ನಾಣ್ಯಗಳಲ್ಲಿ ಹೆಚ್ಚಿನವು ಡಬಲ್ಡ್ ಡೈ ಆಗಿರುವುದಿಲ್ಲ. ನಾಣ್ಯ ಒತ್ತುವ ಕ್ಷಣದಲ್ಲಿ ಸಡಿಲವಾದ ಅಚ್ಚು ಅಲುಗಿದರೂ ಅಕ್ಷರ ಎರಡಾದಂತೆ ಕಾಣುತ್ತದೆ. ಆದರೆ ಅಂಥದರಲ್ಲಿ ಅಕ್ಷರದ ಅಂಚು ಚಪ್ಪಟೆ ಮೆಟ್ಟಿಲಿನಂತಾಗಿ, ಅಕ್ಷರ ತೆಳುವಾಗಿರುತ್ತದೆ. ಅಸಲಿಯಲ್ಲಿ ಎರಡೂ ರೂಪಗಳು ಉಬ್ಬಿ ನಿಂತು ಅಕ್ಷರ ದಪ್ಪಗಾಗುತ್ತದೆ. ತುದಿಗಳಲ್ಲಿ ಸೀಳು ಕಾಣುತ್ತದೆ.

1969ರ ಸ್ಯಾನ್‌ಫ್ರಾನ್ಸಿಸ್ಕೋ ಸೆಂಟಿಗೆ ಇನ್ನೂ ಸುಲಭದ ಪರೀಕ್ಷೆ ಇದೆ. ಇಸವಿಯ ಕೆಳಗಿನ ‘ಎಸ್’ ಗುರುತನ್ನು ಆಗ ಅಚ್ಚು ತಯಾರಾದ ಮೇಲೆ ಪ್ರತ್ಯೇಕವಾಗಿ ಕೈಯಿಂದ ಹೊಡೆಯುತ್ತಿದ್ದರು. ಆದ್ದರಿಂದ ಅಸಲಿ ನಾಣ್ಯದಲ್ಲಿ ಇಸವಿ ಎರಡಾಗಿದ್ದರೂ ‘ಎಸ್’ ಒಂದೇ. ಅದೂ ಎರಡಾಗಿದ್ದರೆ ಆಸೆ ಬಿಡಬೇಕು. ಈ ನಾಣ್ಯದ ಪಾಡು ವಿಚಿತ್ರ. ಅದೇ ಇಸವಿಯ, ‘ಎಸ್’ ಇಲ್ಲದ ಖೋಟಾ ನಾಣ್ಯಗಳು ಓಡಾಡುತ್ತಿದ್ದುದರಿಂದ ಸರ್ಕಾರದ ಸೀಕ್ರೆಟ್ ಸರ್ವೀಸ್ ಅಸಲಿಗಳನ್ನೂ ಖೋಟಾ ಎಂದು ವಶಪಡಿಸಿಕೊಂಡಿತು. ಅಸಲಿ ಎಂದು ಒಪ್ಪಿದ್ದು ಆಮೇಲೆ. 2007ರಲ್ಲಿ ಮಿಷಿಗನ್‌ನ ಹವ್ಯಾಸಿಯೊಬ್ಬರಿಗೆ ರೋಲ್‌ಗಳನ್ನು ತಡಕುವಾಗ ಇಂಥದೊಂದು ಸಿಕ್ಕಿ, ಮರುವರ್ಷ ಹರಾಜಿನಲ್ಲಿ 1,26,500 ಡಾಲರಿಗೆ ಹೋಯಿತು.

ಚಲಾವಣೆಗಾಗಿ ಸೆಂಟ್ ಟಂಕಿಸುವುದನ್ನು ಅಮೆರಿಕ 2025ರ ನವೆಂಬರಿನಲ್ಲಿ ನಿಲ್ಲಿಸಿತು. ಆದರೂ ಹಳೆಯ ನಾಣ್ಯಗಳ ಮಾನ್ಯತೆ ಹೋಗಿಲ್ಲ. ಡಬ್ಬಿ, ಡ್ರಾಯರುಗಳಲ್ಲಿ ಅವು ರಾಶಿರಾಶಿಯಾಗಿವೆ. ಹುಡುಕುವವರು ಕಪ್ಪಾದ ನಾಣ್ಯ ಸಿಕ್ಕಿತೆಂದು ಹುಣಸೆಹಣ್ಣು ಹಾಕಿ ತಿಕ್ಕಬಾರದಷ್ಟೆ. ತಿಕ್ಕಿ ಹೊಳೆಯಿಸಿದ ನಾಣ್ಯಕ್ಕೆ ಸಂಗ್ರಹಕಾರರು ಬೆಲೆ ಇಳಿಸುತ್ತಾರೆ.