ಯೂರಿಯಾ ಚೀಲದ ಹಿಂದಿನ ಕಬ್ಬಿಣ

ಗದಗ ಜಿಲ್ಲೆಯ ಬೆಳವಣಕಿಯ ಎರಿ ಹೊಲಗಳಲ್ಲಿ ಗೋವಿನಜೋಳ ಮೊಣಕಾಲೆತ್ತರ ಬಂದಾಗ ಒಂದು ಹದ ಮಳೆ ಬಿದ್ದರೆ, ಎಲ್ಲರಿಗೂ ಒಂದೇ ಹೊತ್ತಿಗೆ ಯೂರಿಯಾ ಬೇಕಾಗುತ್ತದೆ. ಆ 45 ಕಿಲೋ ಚೀಲದೊಳಗಿನ ಬಿಳಿ ಕಾಳಿನಲ್ಲಿರುವ ಸಾರಜನಕ ನಾವು ಉಸಿರಾಡುವ ಗಾಳಿಯದ್ದೇ. ಆದರೆ ಗಾಳಿಯ ಸಾರಜನಕ ಸುಲಭಕ್ಕೆ ಯಾರ ಜತೆಗೂ ಕೂಡುವುದಿಲ್ಲ. ಅದನ್ನು ಜಲಜನಕದೊಂದಿಗೆ ಬೆಸೆದು, ಯೂರಿಯಾಕ್ಕೆ ಮೂಲವಾದ ಅಮೋನಿಯಾ ಮಾಡಲು 400 ಡಿಗ್ರಿ ಮೀರಿದ ಕಾವು, ವಾತಾವರಣದ ನೂರಾರು ಪಟ್ಟು ಒತ್ತಡ ಬೇಕು. ಜತೆಗೆ ತಾನು ಖರ್ಚಾಗದೆ ಕ್ರಿಯೆಯನ್ನು ನಡೆಸಿಕೊಡುವ ಕಬ್ಬಿಣದ ವೇಗವರ್ಧಕವೂ ಬೇಕು. ಈ ಒಂದು ಕೆಲಸಕ್ಕೇ ಜಗತ್ತಿನ ಇಂಧನದಲ್ಲಿ ಶೇ 1ರಿಂದ 2ರಷ್ಟು ಉರಿದುಹೋಗುತ್ತದೆ. ಈ ವಿಧಾನಕ್ಕಾಗಿ ಫ್ರಿಟ್ಜ್ ಹೇಬರ್‌ಗೆ 1918ರ ನೊಬೆಲ್ ಬಂತು, ಕಾರ್ಲ್ ಬಾಷ್‌ಗೆ 1931ರಲ್ಲಿ. ಸಾವಿರಾರು ಮಿಶ್ರಣಗಳನ್ನು ಒಂದೊಂದಾಗಿ ಪರೀಕ್ಷಿಸಿ, ಸ್ವೀಡನ್ನಿನ ಕಬ್ಬಿಣದ ಅದಿರಿನಿಂದ ಸುಳಿವು ಹಿಡಿದು, ಅಗ್ಗದ, ಬಾಳಿಕೆಯ ವೇಗವರ್ಧಕವನ್ನು ಹುಡುಕಿಕೊಟ್ಟ ಆಲ್ವಿನ್ ಮಿಟಾಶ್‌ಗೆ ಮಾತ್ರ ಬರಲಿಲ್ಲ. ಇಂದಿನ ಅಮೋನಿಯಾ ಕಾರ್ಖಾನೆಗಳು ನಡೆಯುತ್ತಿರುವುದು ಬಹುಮಟ್ಟಿಗೆ ಅವರ ಕಬ್ಬಿಣದ ವಂಶದ ಮೇಲೆಯೇ.

ಸುಸ್ಥಿರ ರಸಾಯನಶಾಸ್ತ್ರದ ಸಂಶೋಧನೆಗೆ ಗೌರವ ಕೊಡಬೇಕು ಎಂಬ ಮಾತು ಈಗ ಎಲ್ಲೆಡೆ ಇದೆ. ಕೊಡಲೇಬೇಕು. ಆದರೆ ಮಿಟಾಶ್‌ರ ಬಗೆಯ ಕೆಲಸ ತೀರ್ಪುಗಾರರ ಕಣ್ಣಿಗೆ ಬೀಳದಿದ್ದರೆ ಆ ಗೌರವ ಅರ್ಧ ಮಾತ್ರ. ನಮ್ಮಲ್ಲೇ ನೋಡಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕೆ.ಸಿ. ಪಾಟೀಲ ಮತ್ತು ಸಂಗಡಿಗರು 1988ರಲ್ಲಿ ಪ್ರಕಟಿಸಿದ ವಿಧಾನವೊಂದಿದೆ. ಅಲ್ಯುಮಿನಿಯಂ ನೈಟ್ರೇಟ್ ಮತ್ತು ಯೂರಿಯಾವನ್ನು, ಹೌದು, ಹೊಲಕ್ಕೆ ಚೆಲ್ಲುವ ಅದೇ ಯೂರಿಯಾವನ್ನು, ತುಸು ನೀರಿನಲ್ಲಿ ಕರಗಿಸಿ 500 ಡಿಗ್ರಿಯ ಕುಲುಮೆಗೆ ಇಟ್ಟರೆ ದ್ರಾವಣ ಕುದಿಯುತ್ತದೆ, ನೊರೆಯುತ್ತದೆ, ತಾನೇ ಹೊತ್ತಿಕೊಳ್ಳುತ್ತದೆ; ಐದೇ ನಿಮಿಷಕ್ಕೆ ಬಟ್ಟಲ ತುಂಬ ಅರಳಿನಂತೆ ಹಗುರಾದ ಬಿಳಿ ಅಲ್ಯುಮಿನಾ. ಹಳೆಯ ದಾರಿಯಲ್ಲಾದರೆ ಸಾವಿರ ಡಿಗ್ರಿಗೂ ಮೇಲೆ ಗಂಟೆಗಟ್ಟಲೆ ಸುಡಬೇಕಿತ್ತು. ಇದೇ ದಹನ ವಿಧಾನವನ್ನು ಹಿಡಿದು ಅದೇ ಸಂಸ್ಥೆಯ ಎಂ.ಎಸ್. ಹೆಗಡೆ ಮತ್ತು ಗಿರಿಧರ್ ಮದ್ರಾಸ್ ಅವರ ತಂಡ, ಸೀರಿಯಂ ಆಕ್ಸೈಡಿನ ನೂರು ಸೀರಿಯಂ ಜಾಗಗಳಲ್ಲಿ ಒಂದೆರಡನ್ನಷ್ಟೇ ಪಲ್ಲಾಡಿಯಂನಂಥ ದುಬಾರಿ ಲೋಹದ ಅಯಾನಿಗೆ ಬಿಟ್ಟುಕೊಟ್ಟು, ವಾಹನದ ಹೊಗೆ ತೊಳೆಯಬಲ್ಲ ವೇಗವರ್ಧಕಗಳನ್ನು ಮಾಡಿತು. ಶಾಖ, ಸಮಯ, ಲೋಹ ಮೂರೂ ಉಳಿದವು. ಹೆಗಡೆಯವರು ಮುಂದೆ ಚಳ್ಳಕೆರೆ ಬಳಿಯ ಕುದಾಪುರದಲ್ಲಿ ಶಾಲಾ ಕಾಲೇಜು ಶಿಕ್ಷಕರಿಗೆ ಪ್ರಯೋಗ ಕಲಿಸುವ ಕೇಂದ್ರವನ್ನು ನಡೆಸಿದರು. ಇದು ಯಾವ ಉಲ್ಲೇಖದ ಲೆಕ್ಕಕ್ಕೂ ಸಿಗದ ಕೊಡುಗೆ, ನನ್ನ ಮಟ್ಟಿಗೆ ಬಹು ದೊಡ್ಡದು.

ಪ್ರಬಂಧಗಳ ಎಣಿಕೆ ಇಂಥದ್ದನ್ನು ತೂಗಲಾರದು. ಮೊದಲ ಹತ್ತು ಗಂಟೆ ಮಿಂಚಿದ ವೇಗವರ್ಧಕದ ಮೇಲೆ ಪ್ರಬಂಧ ಬರುತ್ತದೆ. ಸಾವಿರನೇ ಗಂಟೆಗೆ ಅದು ಮಸಿ ಹಿಡಿದು ಸತ್ತದ್ದನ್ನು ಬರೆದವರಿಗೆ ಚಪ್ಪಾಳೆ ಇಲ್ಲ. ಕರ್ನಾಟಕ ಸುಸ್ಥಿರ ರಸಾಯನಶಾಸ್ತ್ರಕ್ಕಾಗಿ ಒಂದು ಪ್ರಶಸ್ತಿ ಆರಂಭಿಸುವುದಾದರೆ ಕೇಳಬೇಕಾದದ್ದು ಇಷ್ಟು: ವೇಗವರ್ಧಕ ಎಷ್ಟು ಕಾಲ ದುಡಿಯಿತು, ಬೇರೆ ಪ್ರಯೋಗಾಲಯದಲ್ಲೂ ಅದೇ ಫಲ ಬಂತೇ, ಅದರ ಲೋಹ ನಮ್ಮ ಕೈಗೆಟುಕುತ್ತದೆಯೇ. ಶಾಲು, ಫಲಕದ ಬದಲು ಮುಂದಿನ ಹಂತದ ಪರೀಕ್ಷೆಯ ಖರ್ಚನ್ನೇ ಕೊಡಲಿ. ಉಪಕರಣ ನಡೆಸಿದ ತಂತ್ರಜ್ಞರು, ವಿದ್ಯಾರ್ಥಿಗಳ ಹೆಸರೂ ಪ್ರಶಸ್ತಿ ಪತ್ರದಲ್ಲಿರಲಿ. ಕೇಂದ್ರ ಸರ್ಕಾರ 2023ರಲ್ಲಿ ರೂಪಿಸಿದ ರಾಷ್ಟ್ರೀಯ ವಿಜ್ಞಾನ ಪುರಸ್ಕಾರದಲ್ಲಿ ತಂಡಕ್ಕೆಂದೇ ಒಂದು ಗೌರವವಿದೆ, ಮೊದಲ ಸಲ ಅದು ಚಂದ್ರಯಾನ-3 ತಂಡಕ್ಕೆ ಸಂದಿತು. ರಸಾಯನಶಾಸ್ತ್ರಕ್ಕೂ ಆ ಕಣ್ಣು ಬೇಕು.

ಉಪಯೋಗವನ್ನೇ ಅಳತೆಗೋಲು ಮಾಡಿದರೆ ಮೂಲ ವಿಜ್ಞಾನ ಸೊರಗುತ್ತದೆ ಎಂಬ ಆಕ್ಷೇಪ ಬರುತ್ತದೆ. ಅದರಲ್ಲಿ ಹುರುಳಿದೆ. ಕಬ್ಬಿಣದ ಮೇಲ್ಮೈ ಮೇಲೆ ಸಾರಜನಕದ ಅಣು ಹೇಗೆ ಒಡೆಯುತ್ತದೆ ಎಂಬುದನ್ನು ಹಂತಹಂತವಾಗಿ ತೋರಿಸಿಕೊಟ್ಟ ಗೆರಾರ್ಡ್ ಎರ್ಟ್ಲ್ 2007ರಲ್ಲಿ ನೊಬೆಲ್ ಪಡೆದರು, ಅದರಿಂದ ಮರುದಿನ ಯಾವ ಕಾರ್ಖಾನೆಯೂ ಬದಲಾಗಲಿಲ್ಲ. ಅಂಥ ಕೆಲಸಕ್ಕೆ ಇರುವ ಗೌರವಗಳು ಇರಲಿ, ಅವನ್ನು ಕಿತ್ತು ಇಲ್ಲಿಗೆ ತರಬೇಕಿಲ್ಲ. ಆದರೆ ಎರ್ಟ್ಲ್ ಉತ್ತರಿಸಿದ ಪ್ರಶ್ನೆ ಹುಟ್ಟಿದ್ದೇ ಮಿಟಾಶ್‌ರ ಕಬ್ಬಿಣದಿಂದ ಎಂಬುದನ್ನು ಮರೆಯಬಾರದು. ದೀರ್ಘ ಪರೀಕ್ಷೆ ಕಾರ್ಖಾನೆಗಳ ಕೆಲಸ, ಅದಕ್ಕೆ ಸಾರ್ವಜನಿಕ ಹಣವೇಕೆ ಎನ್ನುವವರೂ ಇದ್ದಾರೆ. ಮಿಟಾಶ್‌ರ ಬೆನ್ನಿಗೆ ಬಿಎಎಸ್‌ಎಫ್‌ನಂಥ ದೈತ್ಯ ಕಂಪನಿ ಇತ್ತು. ಧಾರವಾಡದಂಥ ಊರಿನ ವಿಶ್ವವಿದ್ಯಾಲಯದ ಪ್ರಯೋಗಾಲಯದಲ್ಲಿ ಒಳ್ಳೆಯ ಪುಡಿಯೊಂದು ತಯಾರಾದರೆ, ಅದನ್ನು ಆರು ತಿಂಗಳು ಹಗಲುರಾತ್ರಿ ಓಡಿಸಿ ನೋಡುವ ಖರ್ಚನ್ನು ಯಾವ ಕಂಪನಿಯೂ ಮುಂಗಡವಾಗಿ ಹೊರುವುದಿಲ್ಲ. ಪುಡಿ ಶೀಶೆಯಲ್ಲೇ ಉಳಿಯುತ್ತದೆ.

ಮತ್ತೆ ಯೂರಿಯಾ ಚೀಲಕ್ಕೇ ಬರೋಣ. ಅದೇ ಗದಗ ಜಿಲ್ಲೆಯ ಗಜೇಂದ್ರಗಡದ ಸುತ್ತ ಗಾಳಿ ಫ್ಯಾನುಗಳು ತಿರುಗುತ್ತಿವೆ. ಆ ವಿದ್ಯುತ್ತಿನಿಂದ ನೀರನ್ನು ಒಡೆದು ಜಲಜನಕ ಪಡೆದು, ನೈಸರ್ಗಿಕ ಅನಿಲದ ಹಂಗಿಲ್ಲದೆ ಅಮೋನಿಯಾ ಮಾಡಬಹುದು. ತೊಡಕೆಂದರೆ ಗಾಳಿ ಬೀಸಿದಷ್ಟು ಹೊತ್ತು ಬೀಸಿ ನಿಲ್ಲುತ್ತದೆ, ಹಳೆಯ ಕಬ್ಬಿಣಕ್ಕೆ ಕಾವೂ ಒತ್ತಡವೂ ಒಂದೇ ಸಮ ಇರಬೇಕು. ಕಡಿಮೆ ಕಾವಿನಲ್ಲಿ, ನಿಂತು ನಿಂತು ನಡೆದರೂ ಕೆಡದೆ ದುಡಿಯುವ ವೇಗವರ್ಧಕಕ್ಕಾಗಿ ಹಲವು ದೇಶಗಳಲ್ಲಿ ಹುಡುಕಾಟ ನಡೆದಿದೆ. ನಮ್ಮವರೂ ಆ ಹುಡುಕಾಟದಲ್ಲಿ ಇರಬೇಕಾದರೆ, ಮೂರು ವರ್ಷದ ವಿಫಲ ಪ್ರಯೋಗಗಳ ದಿನಚರಿ ಪುಸ್ತಕವನ್ನೂ ತರಿಸಿಕೊಂಡು ಓದುವ ತೀರ್ಪುಗಾರರು ಈಗಲೇ ಬೇಕು.