ಕೆಂಡದ ಊಟಕ್ಕೆ ಹೊರಡುವ ಮುನ್ನ

ನಮ್ಮ ತಮ್ಮನ ಮಗನಿಗೆ ಬೆಂಗಳೂರಿನಲ್ಲಿ ಕೆಲಸ ಕಾಯಂ ಆದಾಗ, ಆ ಸಂತೋಷಕ್ಕಾಗಿ ಅವನು ಮನೆಯ ಹನ್ನೊಂದು ಮಂದಿಯನ್ನೂ ಅಲ್ಲಿಯ ಬಾರ್ಬೆಕ್ಯೂ ಹೋಟೆಲೊಂದಕ್ಕೆ ಊಟಕ್ಕೆ ಕರೆದನು. ದಾವಣಗೆರೆಯಿಂದ ಹೋಗಿದ್ದ ನಾವು ಹಿರಿಯರು ಸ್ವಲ್ಪ ಹಿಂಜರಿದೆವು. “ಸಸ್ಯಾಹಾರವೇ ಬೇರೆ ಇದೆ ದೊಡ್ಡಪ್ಪಾ, ನಮ್ಮ ಮೇಜಿಗೆ ಬೇರೆ ಒಲೆ, ಬೇರೆ ಸಲಾಕೆ ಹೇಳಿಟ್ಟಿದ್ದೇನೆ” ಎಂದು ಅವನು ಒಪ್ಪಿಸಿದನು. ಮೇಜು ಕಾದಿರಿಸಿದ್ದು ರಾತ್ರಿ ಎಂಟಕ್ಕೆ. ಮಧುಮೇಹವಿರುವ ನಮ್ಮ ಅಣ್ಣನವರು ಊಟಕ್ಕೆ ಅರ್ಧ ಗಂಟೆ ಮೊದಲೆಂಬ ರೂಢಿಯಂತೆ ಏಳೂವರೆಗೆ ಮನೆಯಲ್ಲಿಯೇ ಮಾತ್ರೆ ನುಂಗಿ ಹೊರಟರು.

ಅಂದು ಭಾನುವಾರ. ಹೋಟೆಲಿನ ಹೊರಗೆ ನಮ್ಮಂತೆಯೇ ಕಾದಿರಿಸಿದ್ದ ಹತ್ತಾರು ಕುಟುಂಬಗಳು ಬೆಂಚುಗಳ ಮೇಲೆ ಕುಳಿತಿದ್ದವು. ಒಳಗಿನವರು ಎದ್ದ ಹೊರತು ಹೊರಗಿನವರಿಗೆ ಜಾಗವಿಲ್ಲ. ಒಳಗಿನವರಾದರೋ ಅಷ್ಟು ಬೇಗ ಏಳುವಂತಿರಲಿಲ್ಲ. ಒಂಬತ್ತಾಗುವ ಹೊತ್ತಿಗೆ ಅಣ್ಣನವರು “ಊರಿಗೆ ಹೋಗೋಣ ನಡೀರಿ” ಎಂದರು. ಎರಡು ನಿಮಿಷ ಬಿಟ್ಟು ಮತ್ತೆ ಅದನ್ನೇ ಹೇಳಿದರು. ಕಾಯಿಸಿದ್ದಕ್ಕೆ ಸಿಟ್ಟು ಬಂದಿರಬೇಕೆಂದು ನಾವೆಲ್ಲರೂ ಭಾವಿಸಿ ಸಮಾಧಾನ ಹೇಳತೊಡಗಿದೆವು. ಹಣೆಯ ಮೇಲೆ ಬೆವರು ಮೂಡಿದ್ದನ್ನೂ ಬೆರಳು ನಡುಗುತ್ತಿದ್ದುದನ್ನೂ ಕಂಡವಳು ಅವರ ಸೊಸೆ. ಮಗುವಿನ ಚೀಲದಲ್ಲಿದ್ದ ಹಣ್ಣಿನ ರಸದ ಪೊಟ್ಟಣವನ್ನು ಒಡೆದು ಕುಡಿಸಿದಳು. ಸುಮಾರು ಕಾಲು ಗಂಟೆಯಲ್ಲಿ ಅಣ್ಣನವರು ಸರಿಯಾಗಿ ಮಾತನಾಡಿದರು. ತಾವು ಏನು ಹೇಳಿದ್ದೆವೆಂಬುದು ಅವರಿಗೆ ನೆನಪಿರಲಿಲ್ಲ.

ಎಷ್ಟು ಬೇಕಾದರೂ ತಿನ್ನಬಹುದಾದ ಮನೆಯ ಬಾಗಿಲಲ್ಲಿ, ಆಹಾರವಿಲ್ಲದೆ ಒಬ್ಬ ಹಿರಿಯರಿಗೆ ಅಪಾಯ ಒದಗಿತ್ತು. ಇದರ ಕಾರಣವನ್ನು ಅರಿಯುವುದು ಅಗತ್ಯ. ಗ್ಲಿಮೆಪಿರೈಡ್, ಗ್ಲಿಕ್ಲಜೈಡ್ ಮೊದಲಾದ ಮಾತ್ರೆಗಳು ಮೇದೋಜೀರಕ ಗ್ರಂಥಿಯಿಂದ ಇನ್ಸುಲಿನ್ ಹೊರಬರುವಂತೆ ಮಾಡುತ್ತವೆ. ಊಟ ಬಂದಿದೆಯೋ ಇಲ್ಲವೋ ಎಂಬುದನ್ನು ಅವು ನೋಡುವುದಿಲ್ಲ. ಊಟ ತಡವಾದರೆ ರಕ್ತದಲ್ಲಿನ ಸಕ್ಕರೆ ಕುಸಿಯುತ್ತದೆ. 70 ಮಿಲಿಗ್ರಾಮಿಗಿಂತ ಕೆಳಗಿಳಿದರೆ ಬೆವರು, ನಡುಕ, ಎದೆಬಡಿತ, ಆಮೇಲೆ ಮಾತಿನಲ್ಲಿ ತೊಡಕು, ಗೊಂದಲ. ಇನ್ಸುಲಿನ್ ಚುಚ್ಚಿಕೊಳ್ಳುವವರಿಗೂ ಇದೇ ಮಾತು. ಮೆಟ್‌ಫಾರ್ಮಿನ್ ಒಂದನ್ನೇ ತೆಗೆದುಕೊಳ್ಳುವವರಿಗೆ ಈ ಭಯ ಬಹಳ ಕಡಿಮೆ. ತಾವು ನುಂಗುವ ಮಾತ್ರೆ ಯಾವ ಗುಂಪಿನದೆಂದು ನಮ್ಮ ಹಿರಿಯರಲ್ಲಿ ಎಷ್ಟು ಮಂದಿಗೆ ಗೊತ್ತು? “ಬಿಳಿಯದು ಬೆಳಿಗ್ಗೆ, ಹಳದಿಯದು ರಾತ್ರಿ” ಎನ್ನುವುದಷ್ಟೇ ಹೆಚ್ಚಿನವರ ತಿಳಿವಳಿಕೆ.

ಇಂತಹ ಸಮಯದಲ್ಲಿ ಮೂರು ನಾಲ್ಕು ಚಿಕ್ಕ ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಸಬೇಕು. 15 ನಿಮಿಷ ನೋಡಿ ಸುಧಾರಿಸದಿದ್ದರೆ ಮತ್ತೊಮ್ಮೆ ಕೊಡಬೇಕು. ಚಾಕೊಲೇಟು, ಐಸ್‌ಕ್ರೀಮುಗಳಲ್ಲಿನ ಕೊಬ್ಬು ಸಕ್ಕರೆ ರಕ್ತಕ್ಕೆ ಸೇರುವುದನ್ನು ತಡೆದು ನಿಧಾನ ಮಾಡುತ್ತದೆಯಾದ್ದರಿಂದ ಅವು ಆ ಕ್ಷಣಕ್ಕೆ ತಕ್ಕವಲ್ಲ. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ 108ಕ್ಕೆ ಕರೆ ಮಾಡಬೇಕು.

ಒಂಬತ್ತೂಕಾಲಿಗೆ ಮೇಜು ದೊರೆಯಿತು. ಮೇಜಿನ ನಡುವೆ ಕುಳಿ. ಅದರಲ್ಲಿ ಇದ್ದಿಲ ಕೆಂಡದ ತಟ್ಟೆಯನ್ನಿಟ್ಟು, ಮೇಲೆ ಪನೀರು, ಅಣಬೆ, ಎಳೆ ಮೆಕ್ಕೆಜೋಳ, ಅನಾನಸು ಚುಚ್ಚಿದ ಸಲಾಕೆಗಳನ್ನು ಸಾಲಾಗಿ ಜೋಡಿಸಿದರು. ಎಣ್ಣೆ ಮಸಾಲೆಯನ್ನು ಕುಂಚದಿಂದ ನಾವೇ ಸವರಿಕೊಳ್ಳಬಹುದು. ಮೇಜಿನ ಮೇಲೊಂದು ಪುಟ್ಟ ಬಾವುಟ. ಅದು ನಿಂತಿರುವವರೆಗೂ ಸಲಾಕೆಗಳು ಬರುತ್ತಲೇ ಇರುತ್ತವೆ, ಸಾಕೆಂದರೆ ಮಲಗಿಸಬೇಕು. ಇದೆಲ್ಲ ಕೇವಲ ಪೀಠಿಕೆಯಂತೆ. ಅನ್ನ, ಪಲ್ಯ, ರೊಟ್ಟಿಗಳ ಸಾಲು ಆಚೆಗಿದೆ, ಅದರಾಚೆಗೆ ಸಿಹಿತಿಂಡಿಗಳು.

ಕೆಂಡದಲ್ಲಿ ಸುಟ್ಟದ್ದು ವಿಷವೆಂದು ಹೆದರಿಸುವವರಿದ್ದಾರೆ. ನಾವು ಅಷ್ಟು ದೂರ ಹೋಗಲಾರೆವು. ಸುಟ್ಟ ಆಹಾರ ನಮಗೆ ಹೊಸದೂ ಅಲ್ಲ. ಉತ್ತರ ಕರ್ನಾಟಕದ ಹೊಲಗಳಲ್ಲಿ ಚಳಿಗಾಲದಂದು ಎಳೆಯ ಜೋಳದ ತೆನೆಯನ್ನು ಕೆಂಡದಲ್ಲಿ ಸುಟ್ಟು ಉಜ್ಜಿ ತಿನ್ನುವ ಸೀತನಿ ಯಾರಿಗೆ ಬೇಡ? ಬದನೆಕಾಯಿಯನ್ನು ಸುಟ್ಟು ಮಾಡುವ ಗೊಜ್ಜೂ ಹಾಗೆಯೇ. ಆದರೆ ಬದನೆಯ ಕರಿ ಸಿಪ್ಪೆಯನ್ನು ನಮ್ಮ ತಾಯಂದಿರು ಸುಲಿದು ಎಸೆಯುತ್ತಿದ್ದರು. ಅದು ಸರಿಯಾದ ಪದ್ಧತಿ. ಕೊಬ್ಬು, ಎಣ್ಣೆಗಳು ಕೆಂಡದ ಮೇಲೆ ತೊಟ್ಟಿಕ್ಕಿ ಏಳುವ ಹೊಗೆಯಲ್ಲಿ ಬೆಂಜೊಪೈರೀನಿನಂತಹ, ಕ್ಯಾನ್ಸರಿಗೆ ಕಾರಣವಾಗುವ ವಸ್ತುಗಳಿದ್ದು ಆಹಾರಕ್ಕೆ ಅಂಟಿಕೊಳ್ಳುತ್ತವೆ. ಮಾಂಸವನ್ನು ತೀವ್ರ ಶಾಖದಲ್ಲಿ ಸುಟ್ಟಾಗ ಹುಟ್ಟುವ ಇನ್ನೊಂದು ಬಗೆಯ ವಸ್ತುಗಳು ಪನೀರು, ಅನಾನಸುಗಳಲ್ಲಿ ಆ ರೀತಿ ಹುಟ್ಟುವುದಿಲ್ಲ. ಆದರೆ ಆಲೂಗಡ್ಡೆಯಂತಹ ಪಿಷ್ಟದ ಪದಾರ್ಥಗಳನ್ನು 120 ಡಿಗ್ರಿಗಿಂತ ಹೆಚ್ಚಿನ ಶಾಖದಲ್ಲಿ ಕರಿದರೂ ಹುರಿದರೂ ಅಕ್ರಿಲಮೈಡ್ ಉಂಟಾಗುತ್ತದೆ. ಕುಂಚವನ್ನು ಕೈಬಿಟ್ಟು, ಕರಿಕಾದ ಅಂಚನ್ನು ಬದಿಗಿಟ್ಟರೆ, ವರ್ಷಕ್ಕೆ ಒಂದೆರಡು ಬಾರಿ ಹೋಗುವವರು ಇದಕ್ಕಾಗಿ ನಿದ್ದೆ ಕೆಡಿಸಿಕೊಳ್ಳಬೇಕಿಲ್ಲ. ಆದರೆ ಹೋಟೆಲಿನಲ್ಲಿ ನೋಡಿದ್ದನ್ನು ಮನೆಯ ಕೋಣೆಯೊಳಗೆ ಇದ್ದಿಲು ಹೊತ್ತಿಸಿ ಮಾಡಹೋಗುವುದು ಮಾತ್ರ ಸಲ್ಲದು. ಮುಚ್ಚಿದ ಕೋಣೆಯಲ್ಲಿ ಇದ್ದಿಲಿನಿಂದ ಹೊರಡುವ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯಿಲ್ಲ. ಅದು ಪ್ರಾಣವನ್ನೇ ತೆಗೆಯುತ್ತದೆ.

ನಮ್ಮ ತಕರಾರಿರುವುದು ಕೆಂಡದ ಮೇಲಲ್ಲ, ತಲೆಗಿಷ್ಟೆಂದು ಕಟ್ಟಿದ ಬೆಲೆಯ ಮೇಲೆ. ತುತ್ತಿಗೆ ಬೆಲೆಯಿದ್ದಲ್ಲಿ ಮನುಷ್ಯನು ಅಳೆದು ತಿನ್ನುತ್ತಾನೆ. ಬೆಲೆಯನ್ನು ಮೊದಲೇ ತೆತ್ತಲ್ಲಿ, ತಿನ್ನದ ತುತ್ತೆಲ್ಲವೂ ನಷ್ಟವೆನಿಸುತ್ತದೆ. ಅಂದು ನಮ್ಮ ಮೇಜಿನಲ್ಲಿ “ಕೊಟ್ಟ ದುಡ್ಡು ವಸೂಲಾಗಬೇಕು” ಎಂಬ ಮಾತು ನಗೆಯೊಂದಿಗೆ ಮೂರು ನಾಲ್ಕು ಬಾರಿ ಬಂದಿತು. ಒಮ್ಮೆ ಹೇಳಿದವರು ನಾವೇ. ಹೊಟ್ಟೆ ತುಂಬಿದ ಸುದ್ದಿ ಮಿದುಳಿಗೆ ತಲುಪಲು ಸುಮಾರು 20 ನಿಮಿಷ ಬೇಕು. ಅಷ್ಟರಲ್ಲಿ ಎಷ್ಟು ಸಲಾಕೆ ಬಂದು ಹೋದವೋ ಲೆಕ್ಕವಿಲ್ಲ. ಮಕ್ಕಳ ಮುಂದೆ 300 ಮಿಲಿಲೀಟರಿನ ತಂಪು ಪಾನೀಯಗಳಿದ್ದವು. ಅಂತಹ ಕೋಲಾ ಒಂದರಲ್ಲಿ ಸುಮಾರು 30 ಗ್ರಾಮಿಗೂ ಮಿಗಿಲಾದ ಸಕ್ಕರೆಯಿರುತ್ತದೆ. ಹೊರಗಿನಿಂದ ಸೇರಿಸಿದ ಸಕ್ಕರೆ ದಿನಕ್ಕೆ 25 ಗ್ರಾಮಿನೊಳಗಿದ್ದರೆ ಇನ್ನೂ ಒಳಿತೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ.

ಕುಸಿದು ಎದ್ದಿದ್ದ ಅಣ್ಣನವರು ಮತ್ತೆಲ್ಲಿ ಹಾಗಾಗುವುದೋ ಎಂಬ ಭಯಕ್ಕೆ ಹೆಚ್ಚು ತಿಂದರು. ಮಗ ಖರ್ಚು ಮಾಡಿದ್ದಾನೆಂಬ ಪ್ರೀತಿಗೆ ಇನ್ನಷ್ಟು ತಿಂದರು. ಹನ್ನೊಂದು ಗಂಟೆಗೆ ಕುಲ್ಫಿಯೂ ಆಯಿತು. ಕೊಬ್ಬು ಹೆಚ್ಚಿದ ಊಟ ಹೊಟ್ಟೆಯಿಂದ ನಿಧಾನವಾಗಿ ಇಳಿಯುವುದರಿಂದ ಸಕ್ಕರೆ ರಾತ್ರಿಯಿಡೀ ಏರುತ್ತಿರುತ್ತದೆ. ಮರುದಿನ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ನೋಡಿದರೆ 241.

ಮಠದ ದಾಸೋಹದಲ್ಲಿಯೂ ಬಡಿಸುವವರು ಮತ್ತೆ ಮತ್ತೆ ಬರುತ್ತಾರಲ್ಲವೇ ಎಂದು ಓದುಗರು ಕೇಳಬಹುದು. ಬರುತ್ತಾರೆ. ಆದರೆ ಅಲ್ಲಿ ವಸೂಲು ಮಾಡಬೇಕಾದ ಹಣವಿಲ್ಲ. ಪ್ರಸಾದವನ್ನು ಚೆಲ್ಲಬಾರದೆಂಬ ಅಳುಕೂ ಇದೆ. ಆದ್ದರಿಂದಲೇ ಸಾಕಾದಾಗ ತಟ್ಟೆಯ ಮೇಲೆ ಕೈ ಅಡ್ಡ ಹಿಡಿಯುವುದನ್ನು ಬಾಲ್ಯದಲ್ಲಿಯೇ ಕಲಿತೆವು. (ಗೋಧಿ ಹುಗ್ಗಿ ಬಂದಾಗ ಕೈ ಅಡ್ಡ ಬಾರದವರೂ ಉಂಟು, ನಾವೂ ಆ ಗುಂಪಿನವರೇ.) ಹೋಟೆಲಿನ ಬಾವುಟವೂ ಅದೇ ಕೈಯ ಕೆಲಸಕ್ಕಾಗಿ ಇರುವುದು. ಅದನ್ನು ಮಲಗಿಸುವುದು ಸೋಲೆಂಬಂತೆ ನಮ್ಮ ಮೇಜಿನಲ್ಲಿ ಕೊನೆಯವರೆಗೂ ಯಾರೂ ಮುಟ್ಟಲಿಲ್ಲ.

2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಮೀಕ್ಷೆಯ ಅಂದಾಜಿನಂತೆ ದೇಶದಲ್ಲಿ ಸುಮಾರು 10.1 ಕೋಟಿ ಮಂದಿಗೆ ಮಧುಮೇಹವಿದೆ, ಇನ್ನೂ 13.6 ಕೋಟಿ ಮಂದಿ ಅದರ ಹೊಸ್ತಿಲಲ್ಲಿದ್ದಾರೆ. ಹನ್ನೊಂದು ಮಂದಿಯ ಮೇಜಿನಲ್ಲಿ ಇಂಥವರೊಬ್ಬರಾದರೂ ಇರುವುದು ಈಗ ಸಾಮಾನ್ಯ. ಮಕ್ಕಳು ಪ್ರೀತಿಯಿಂದ ಕರೆದಾಗ ಹೋಗಬೇಡಿರೆಂದು ನಾವು ಹೇಳುವುದಿಲ್ಲ. ಹಿರಿಯರಿರುವ ಮನೆಯವರು ಭಾನುವಾರದ ರಾತ್ರಿಯನ್ನು ಬಿಟ್ಟು ವಾರದ ನಡುವಿನ ಮಧ್ಯಾಹ್ನವನ್ನು ಆರಿಸಿಕೊಳ್ಳಲಿ. ಮಾತ್ರೆಯನ್ನು ಯಾವಾಗ ತೆಗೆದುಕೊಳ್ಳಬೇಕೆಂದು ವೈದ್ಯರನ್ನು ಮೊದಲೇ ಕೇಳಿರಲಿ; ಸಕ್ಕರೆಯ ಪೊಟ್ಟಣವೊಂದು ಜೇಬಿನಲ್ಲಿರಲಿ. ಹೋಟೆಲಿನವರೂ ಕಾಯುವ ಹಿರಿಯರಿಗೆ ಒಂದು ಲೋಟ ಮಜ್ಜಿಗೆ, ಎರಡು ಬಿಸ್ಕತ್ತು ಕೊಟ್ಟರೆ, ಅಲ್ಪಾಹಾರಿಗಳಿಗೆ ಬೆಲೆಯನ್ನು ತಗ್ಗಿಸಿದರೆ ಅವರಿಗೇನೂ ದೊಡ್ಡ ನಷ್ಟವಾಗಲಾರದು.

ತಮ್ಮನ ಮಗ ಮೊನ್ನೆ ಮತ್ತೆ ಕರೆದಿದ್ದನು, ಈ ಬಾರಿ ಬುಧವಾರದ ಮಧ್ಯಾಹ್ನಕ್ಕೆ. ವೈದ್ಯರು ಹೇಳಿದ್ದಂತೆ ಅಣ್ಣನವರು ಮಾತ್ರೆಯನ್ನು ಕಾಗದದಲ್ಲಿ ಸುತ್ತಿ ಜುಬ್ಬದ ಜೇಬಿನಲ್ಲಿಟ್ಟುಕೊಂಡು ಬಂದರು. ಮೊದಲ ಸಲಾಕೆ ತಟ್ಟೆಗೆ ಬಿದ್ದ ಮೇಲೆ ನೀರು ಕೇಳಿದರು. ಮೂರನೆಯ ಸಲಾಕೆಯಾದ ಮೇಲೆ ಯಾರನ್ನೂ ಕೇಳದೆ ಬಾವುಟವನ್ನು ಮಲಗಿಸಿದರು. ಮಕ್ಕಳು “ಅಜ್ಜಾ!” ಎಂದು ಕೂಗಿಕೊಂಡು ಅದನ್ನು ಮತ್ತೆ ನಿಲ್ಲಿಸಿದರು. ಅಣ್ಣನವರು ತಮ್ಮ ತಟ್ಟೆಯ ಮೇಲೆ ಕೈ ಅಡ್ಡ ಹಿಡಿದರು.